ನಿಲ್ಲದ ಹರಿವನ್ನು ನಿಲ್ಲಿಸುವ ಬಗೆ

ಹೊಸಕೋಟೆಯಿಂದ ದೇವನಹಳ್ಳಿಗೆ ಹೋಗುವ ಹಾದಿಯಲ್ಲಿ ಸೂಲಿಬೆಲೆ ಎಂಬ ಊರು ಸಿಗುತ್ತದೆ. ಹೊಸಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಅದೂ ಒಂದು. ರಾಗಿ, ಹಿಪ್ಪುನೇರಳೆ, ದ್ರಾಕ್ಷಿಗಳನ್ನು ಬೆಳೆಯುವ ಈ ಸೀಮೆಯ ಒಕ್ಕಲು ಮನೆಗಳಿಗೆ ಹೈನು ದೊಡ್ಡ ಆಸರೆ. ಬೆಳಗಿನ ಹೊತ್ತು ಈ ಕಡೆಯ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ, ಎಂದರೆ ಊರವರ ಮಾತಿನಲ್ಲಿ ಡೈರಿಯ ಮುಂದೆ, ಕ್ಯಾನು ಹಿಡಿದವರ ಸಾಲನ್ನು ಕಾಣಬಹುದು. ಒಬ್ಬೊಬ್ಬರಾಗಿ ಬಂದು ಹಾಲು ಸುರಿಯುತ್ತಾರೆ. ಹಾಲನ್ನು ತೂಗುತ್ತಾರೆ, ಚೂರು ಹಾಲನ್ನು ತೆಗೆದು ಫ್ಯಾಟು ಎಷ್ಟೆಂದು ಪರೀಕ್ಷಿಸುತ್ತಾರೆ, ಲೆಕ್ಕ ಬರೆದು ಚೀಟಿ ಕೊಡುತ್ತಾರೆ. ಒಕ್ಕೂಟದ ವಾಹನ ಬರುವ ಹೊತ್ತಿಗೆ ಇದೆಲ್ಲ ಮುಗಿದಿರಬೇಕು. ವಾಹನ ಇನ್ನೂ ಎಷ್ಟೋ ಊರುಗಳಿಗೆ ಹೋಗಬೇಕಾದ್ದರಿಂದ ಅದು ಬಹಳ ಹೊತ್ತು ಕಾಯುವುದಿಲ್ಲ.

ಈ ಮುಚ್ಚುವ ಹೊತ್ತಿನ ಕೆಲಸವನ್ನು ಗಮನಿಸಿ ನೋಡಿದರೆ ಅದರಲ್ಲೊಂದು ಕ್ರಮವಿದೆ. ಕಾರ್ಯದರ್ಶಿ ಮೊದಲು ಹೊಸಬರಿಂದ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾನೆ. ಆಗಲೇ ಸುರಿದಿರುವವರ ಪರೀಕ್ಷೆಯನ್ನು ಮುಗಿಸುತ್ತಾನೆ. ಅದನ್ನು ಪುಸ್ತಕಕ್ಕೆ ಏರಿಸುತ್ತಾನೆ. ಆಮೇಲೆ ಬಾಗಿಲು. ಈ ಕ್ರಮ ತಪ್ಪಿದರೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಬ್ಬಾಕೆ ಹಾಲು ಸುರಿದಿದ್ದಾಳೆ. ಅದು ದೊಡ್ಡ ಕ್ಯಾನಿನಲ್ಲಿ ಬೆರೆತುಹೋಗಿದೆ. ಪುಸ್ತಕದಲ್ಲಿ ಮಾತ್ರ ಇನ್ನೂ ಏರಿಲ್ಲ. ಅಷ್ಟರಲ್ಲಿ ಬಾಗಿಲು ಹಾಕಿತೆಂದರೆ ಆಕೆಯ ಹಾಲು ಹೋಯಿತು, ದುಡ್ಡೂ ಹೋಯಿತು. ಸಂಜೆ ಬಂದು, ‘ಅಣ್ಣಾ, ಬೆಳಿಗ್ಗೆ ನಂದು ಬರೆದೇ ಇಲ್ವಲ್ಲ’ ಎಂದು ಕೇಳಿದಾಗ, ಬೆಳಿಗ್ಗೆ ಇನ್ನೊಬ್ಬ ಅದನ್ನು ಬರೆದಿಟ್ಟಿರುವುದನ್ನು ಅರಿಯದೆ ಈತ ಮತ್ತೊಮ್ಮೆ ಬರೆದನೆಂದರೆ ಒಂದೇ ಹಾಲಿಗೆ ಎರಡು ಲೆಕ್ಕ. ಕಳೆದುಹೋಗುವುದು, ಎರಡಾಗುವುದು: ಮುಚ್ಚುವ ಹೊತ್ತಿನ ತಪ್ಪುಗಳೆಲ್ಲ ಈ ಎರಡು ಜಾತಿಯವೇ.

ನಾವು ಇಲ್ಲಿ ಹೇಳಹೊರಟಿರುವುದು ಹಾಲಿನ ವಿಷಯವನ್ನಲ್ಲ; ಕಂಪ್ಯೂಟರುಗಳಲ್ಲಿ ಹಗಲಿರುಳೂ ಎಡೆಬಿಡದೆ ಹರಿಯುವ ಮಾಹಿತಿಯ ವಿಷಯವನ್ನು. ಆದರೆ ಡೈರಿಯ ಬಾಗಿಲಲ್ಲಿ ಎದುರಾಗುವ ತೊಡಕೇ ಅಲ್ಲಿಯೂ ಎದುರಾಗುವುದರಿಂದ, ಆ ಸಾಲನ್ನೂ ಆ ವಾಹನವನ್ನೂ ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭವಾದೀತು.

ಕಂಪ್ಯೂಟರು ಲೆಕ್ಕ ಮಾಡುವ ಬಗೆ ಸ್ಥೂಲವಾಗಿ ಎರಡು. ವಿದ್ಯುತ್ತಿನ ಬಿಲ್ಲಿನಂತೆ ತಿಂಗಳಿಗೊಮ್ಮೆ ಎಲ್ಲವನ್ನೂ ಒಟ್ಟುಹಾಕಿ ಲೆಕ್ಕ ಮಾಡುವುದು ಒಂದು. ಅಂತಹ ಕೆಲಸಕ್ಕೆ ಮೊದಲೂ ಉಂಟು, ಕೊನೆಯೂ ಉಂಟು; ಕೊನೆ ಮುಟ್ಟಿದಾಗ ಅದು ತಾನಾಗಿಯೇ ನಿಲ್ಲುತ್ತದೆ. ಒಂದೊಂದು ಘಟನೆಯನ್ನೂ ಅದು ನಡೆದೊಡನೆ ತೆಗೆದುಕೊಂಡು ಲೆಕ್ಕಕ್ಕೆ ಹಚ್ಚುವುದು ಇನ್ನೊಂದು. ಇದಕ್ಕೆ ಪ್ರವಾಹ ಸಂಸ್ಕರಣೆ ಎನ್ನಬಹುದು. ಬಲ್ಲವರು ಸ್ಟ್ರೀಮ್ ಪ್ರೊಸೆಸಿಂಗ್ ಎನ್ನುತ್ತಾರೆ. ಇದರ ಉದಾಹರಣೆಗೆ ಸೂಲಿಬೆಲೆಯವರು ದೂರ ಹೋಗಬೇಕಾಗಿಲ್ಲ. ದಾಬಸಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹಾದು ಸೂಲಿಬೆಲೆಯ ಸೀಮೆಯಲ್ಲಿ ಹೊಸಕೋಟೆಗೆ ಬರುವ ೬೪೮ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಇಂದು ಟೋಲ್ ಕೊಡುವವರು ಕಿಸೆಗೆ ಕೈಹಾಕುವುದು ಅಪರೂಪ. ೨೦೨೧ರ ಫೆಬ್ರುವರಿಯ ನಡುವಿನಿಂದ ದೇಶದ ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಗೇಟುಗಳಲ್ಲೆಲ್ಲ ಫಾಸ್ಟ್ಯಾಗ್ ಕಡ್ಡಾಯವಾಯಿತು. ವಾಹನದ ಗಾಜಿಗೆ ಅಂಟಿಸಿದ ಪಟ್ಟಿಯಲ್ಲಿ ಬ್ಯಾಟರಿಯಿಲ್ಲ. ಗೇಟಿನ ಮೇಲಿರುವ ಯಂತ್ರದ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ಟೋಲಿನವರ ಬ್ಯಾಂಕಿಗೆ, ಅಲ್ಲಿಂದ ರಾಷ್ಟ್ರೀಯ ಪಾವತಿ ನಿಗಮದ ಮೂಲಕ ವಾಹನದವನ ಬ್ಯಾಂಕಿಗೆ ಹೋಗಿ, ಹಣ ಕಳೆದು ಸುದ್ದಿ ಬರುತ್ತದೆ. ಒಂದು ವಾಹನ ಒಂದು ಘಟನೆ. ಅದರ ಹಿಂದೆ ಇನ್ನೊಂದು. ಹಬ್ಬವಿರಲಿ ಹುಣ್ಣಿಮೆಯಿರಲಿ, ಈ ಹರಿವಿಗೆ ಕೊನೆ ಎಂಬುದಿಲ್ಲ.

ಕೊನೆಯಿಲ್ಲದ ಹರಿವನ್ನು ನಿಲ್ಲಿಸುವುದೇಕೆ ಎಂದು ಕೇಳಬಹುದು. ಹರಿವನ್ನು ಯಾರೂ ನಿಲ್ಲಿಸುವುದಿಲ್ಲ. ಅದನ್ನು ಓದುತ್ತಿರುವ ತಂತ್ರಾಂಶವನ್ನು ಮಾತ್ರ ನಿಲ್ಲಿಸುತ್ತಾರೆ. ತಂತ್ರಾಂಶದಲ್ಲಿ ಹೊಸ ತಿದ್ದುಪಾಟು ಆದಾಗ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಬೇಕು. ಯಂತ್ರವನ್ನು ರಿಪೇರಿಗೆ ತೆಗೆಯಬೇಕು. ರಾತ್ರಿ ಕೆಲಸ ಕಡಮೆಯಾದಾಗ ಹತ್ತು ಯಂತ್ರಗಳ ಬದಲು ಮೂರು ಸಾಕು. ಉಳಿದ ಏಳನ್ನು ಮಲಗಿಸಬೇಕು. ದೊಡ್ಡ ಸಂಸ್ಥೆಗಳಲ್ಲಿ ಇಂತಹ ನಿಲುಗಡೆಗಳು ದಿನಕ್ಕೆ ಹಲವು ಬಾರಿ ನಡೆಯುವುದೂ ಉಂಟು. ಹೀಗೆ ಎಂದೆಂದಿಗೂ ಓಡಲೆಂದು ಬರೆದ ತಂತ್ರಾಂಶವು ವಾಸ್ತವದಲ್ಲಿ ಮತ್ತೆ ಮತ್ತೆ ಸಾಯುತ್ತ ಹುಟ್ಟುತ್ತ ಇರುತ್ತದೆ. ಪ್ರತಿಯೊಂದು ಸಾವಿನ ಹೊತ್ತಿಗೂ ಒಂದಷ್ಟು ವಾಹನಗಳ ಲೆಕ್ಕ ಅರ್ಧದಲ್ಲಿರುತ್ತದೆ. ತೂಬು ಮುಚ್ಚಿದ ಮಾತ್ರಕ್ಕೆ ಕಾಲುವೆಗೆ ಇಳಿದ ನೀರು ಮಾಯವಾಗುವುದಿಲ್ಲವೆಂಬುದನ್ನು ನಮ್ಮ ಕೆರೆಗಳ ನೀರುಗಂಟಿಗಳು ಬಹಳ ಹಿಂದೆಯೇ ಬಲ್ಲರು.

ಇನ್ನು ತಂತ್ರಾಂಶಕ್ಕೆ ಸಾಯಬೇಕೆಂಬ ಸುದ್ದಿ ಮುಟ್ಟುವ ಬಗೆಯನ್ನು ನೋಡೋಣ. ಯೂನಿಕ್ಸ್ ಪರಂಪರೆಯ ಯಂತ್ರಗಳಲ್ಲಿ ಇದಕ್ಕೆ ಎರಡು ಸಂಕೇತಗಳಿವೆ. ೧೫ನೆಯ ಸಂಕೇತ ಬಿನ್ನಹದಂತಹುದು: ‘ಹೊರಡುವ ಹೊತ್ತಾಯಿತು, ಕೆಲಸ ಮುಗಿಸಿಕೊಳ್ಳಿ’ ಎಂಬಂತೆ. ಇದನ್ನು ಕೇಳಿದ ತಂತ್ರಾಂಶ ತನ್ನ ಸಾಮಾನನ್ನು ಓರಣಗೊಳಿಸಿಕೊಳ್ಳಬಹುದು. ಬೇಕಾದರೆ ಕೇಳಿಯೂ ಕೇಳದಂತೆ ಇರಬಹುದು. ೯ನೆಯ ಸಂಕೇತದಲ್ಲಿ ಅಂತಹ ದಾಕ್ಷಿಣ್ಯವಿಲ್ಲ. ಅದು ತಂತ್ರಾಂಶದ ಕಿವಿಗೆ ಬೀಳುವುದೇ ಇಲ್ಲ; ಯಂತ್ರದ ಆಡಳಿತವೇ ನೇರವಾಗಿ ಕತ್ತರಿಸಿಬಿಡುತ್ತದೆ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕೊಡುವ ಅವಕಾಶವೇ ನಿಲುಗಡೆಯ ಗಡುವು. ಈ ಗಡುವು ಎಷ್ಟು? ತಂತ್ರಾಂಶಗಳನ್ನು ಪೆಟ್ಟಿಗೆಗಳಲ್ಲಿಟ್ಟು ಓಡಿಸುವ ಡಾಕರ್ ಎಂಬ ಸಲಕರಣೆ, ನಾವು ಬೇರೆ ಹೇಳದಿದ್ದರೆ, ೧೦ ಸೆಕೆಂಡು ಕಾಯುತ್ತದೆ. ಅಂತಹ ಪೆಟ್ಟಿಗೆಗಳ ದೊಡ್ಡ ಪಡೆಯನ್ನೇ ಆಳುವ ಕುಬರ್ನೆಟೀಸ್ ೩೦ ಸೆಕೆಂಡು ಕಾಯುತ್ತದೆ. ಲಿನಕ್ಸಿನ ಬಹುಪಾಲು ಯಂತ್ರಗಳಲ್ಲಿ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯದು ಸಾಮಾನ್ಯವಾಗಿ ೯೦ ಸೆಕೆಂಡು. ಒಕ್ಕೂಟದ ವಾಹನದ ಚಾಲಕರಂತೆ ಒಬ್ಬೊಬ್ಬರ ತಾಳ್ಮೆ ಒಂದೊಂದು.

ಇಲ್ಲಿ ಹಲವರನ್ನು ಕಾಡುವ ಒಂದು ಸಣ್ಣ ಸಂಗತಿಯನ್ನು ಹೇಳಿಬಿಡುತ್ತೇವೆ. ಕಚೇರಿಯ ಬಾಗಿಲಲ್ಲಿ ಕುಳಿತ ಜವಾನ ಬಂದ ಕಾಗದವನ್ನು ತಾನೇ ಇಟ್ಟುಕೊಂಡು ಒಳಗಿನ ಅಧಿಕಾರಿಗೆ ಮುಟ್ಟಿಸದಿದ್ದರೆ ಹೇಗೋ ಹಾಗೆ, ಪೆಟ್ಟಿಗೆಯೊಳಗಿನ ಮೊದಲ ಪ್ರಕ್ರಿಯೆಯು ಬರಿಯ ಒಂದು ಶೆಲ್ ಬರಹವಾಗಿದ್ದರೆ, ೧೫ನೆಯ ಸಂಕೇತ ಅದಕ್ಕೆ ಮುಟ್ಟಿ ಅಲ್ಲಿಯೇ ನಿಂತುಬಿಡುವುದುಂಟು. ಒಳಗೆ ದುಡಿಯುತ್ತಿರುವ ತಂತ್ರಾಂಶಕ್ಕೆ ಸುದ್ದಿಯೇ ಇಲ್ಲ. ಕೊಟ್ಟ ೧೦ ಅಥವಾ ೩೦ ಸೆಕೆಂಡು ವ್ಯರ್ಥವಾಗಿ ಕಳೆದು ೯ನೆಯ ಸಂಕೇತ ಬಂದೆರಗುತ್ತದೆ. ಹೊರಗಿನಿಂದ ನೋಡುವವರು ತಂತ್ರಾಂಶವೇ ಮೊಂಡು ಎಂದುಕೊಂಡು ಗಡುವನ್ನು ಹೆಚ್ಚಿಸುತ್ತ ಹೋಗುತ್ತಾರೆ. ಗಡುವನ್ನು ಎಷ್ಟು ಹೆಚ್ಚಿಸಿದರೂ ಮುಟ್ಟದ ಕಾಗದ ಮುಟ್ಟುವುದಿಲ್ಲವಷ್ಟೆ.

ಸುದ್ದಿ ಮುಟ್ಟಿತೆಂದೇ ಇಟ್ಟುಕೊಳ್ಳೋಣ. ಆಗ ತಂತ್ರಾಂಶ ಮಾಡುವುದೇನು? ಇದನ್ನು ತಿಳಿಯಲು ಕಾಫ್ಕಾ ಎಂಬ ವ್ಯವಸ್ಥೆಯನ್ನು ನೋಡುವುದು ಒಳ್ಳೆಯದು. ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಹುಟ್ಟಿ ೨೦೧೧ರಲ್ಲಿ ಎಲ್ಲರ ಬಳಕೆಗೂ ಬಿಡುಗಡೆಯಾದ ಇದು ಈಗ ಲೋಕದಲ್ಲೆಲ್ಲ ಹರಡಿದೆ. ಇದರ ಹುರುಳು ಬಹಳ ಸರಳ. ನಮ್ಮ ಹಳೆಯ ಅಂಗಡಿಗಳ ಕಿರ್ದಿಯನ್ನು ನೆನೆದುಕೊಂಡರೆ ಸಾಕು. ಬಂದ ಘಟನೆಗಳನ್ನು ಬಂದ ಕ್ರಮದಲ್ಲಿ ಒಂದರ ಕೆಳಗೊಂದು ಬರೆಯುತ್ತ ಹೋಗುವುದು. ಬರೆದುದನ್ನು ಅಳಿಸುವಂತಿಲ್ಲ, ನಡುವೆ ಸೇರಿಸುವಂತಿಲ್ಲ. ಈ ಕಿರ್ದಿಯನ್ನು ಓದುವ ತಂತ್ರಾಂಶವು ಎಷ್ಟನೆಯ ಸಾಲಿನವರೆಗೆ ಓದಿ ಮುಗಿಸಿದ್ದೇನೆಂಬ ಒಂದು ಗುರುತನ್ನು ಬೇರೆಡೆ ಇಡುತ್ತದೆ. ಪುಸ್ತಕದ ನಡುವೆ ನವಿಲುಗರಿ ಇಟ್ಟಂತೆ. ನಾಳೆ ಬೇರೆ ಯಾರೇ ಬಂದು ಓದಿದರೂ ಆ ಗುರುತಿನಿಂದ ಮುಂದಕ್ಕೆ ಓದಿದರಾಯಿತು.

ಟೋಲಿನ ಹಣ ಕಳೆಯುವ ಒಂದು ತಂತ್ರಾಂಶ ಇಂತಹ ಕಿರ್ದಿಯನ್ನು ಓದುತ್ತಿದೆಯೆಂದು ಭಾವಿಸಿಕೊಳ್ಳೋಣ. ಇದು ನಮ್ಮ ಕಲ್ಪನೆಯ ಮಾತು; ನಿಜವಾದ ಟೋಲ್ ವ್ಯವಸ್ಥೆಯ ಒಳಗು ಹೀಗೆಯೇ ಇದೆಯೆಂದು ಯಾರೂ ತಿಳಿಯಬಾರದು. ೧೫ನೆಯ ಸಂಕೇತ ಬಂದೊಡನೆ ಅದು ಹೊಸ ಸಾಲುಗಳನ್ನು ಓದುವುದನ್ನು ನಿಲ್ಲಿಸಬೇಕು. ಕೈಯಲ್ಲಿರುವ ವಾಹನಗಳ ಕೆಲಸವನ್ನು ಮುಗಿಸಬೇಕು. ಬ್ಯಾಂಕಿಗೆ ಕೇಳಿದ್ದರೆ ಉತ್ತರಕ್ಕೆ ಕಾಯಬೇಕು. ನೆನಪಿನಲ್ಲಿಟ್ಟುಕೊಂಡ ಮೊತ್ತಗಳನ್ನು ಡಿಸ್ಕಿಗೆ ಬರೆಯಬೇಕು. ಗುರುತನ್ನು ಮುಂದಕ್ಕೆ ಸರಿಸಬೇಕು. ಆಮೇಲೆ ಸಂಪರ್ಕಗಳನ್ನು ಕಡಿದುಕೊಂಡು ಹೊರಡಬೇಕು. ಡೈರಿಯ ಕಾರ್ಯದರ್ಶಿಯ ಕ್ರಮವೇ ಇದು. ಗುರುತನ್ನು ಮೊದಲು ಸರಿಸಿ ಕೆಲಸವನ್ನು ಆಮೇಲೆ ಮಾಡಹೊರಟರೆ ನಡುವೆ ಪ್ರಾಣ ಹೋದಾಗ ಕೆಲವು ವಾಹನಗಳು ಟೋಲ್ ಕೊಡದೆ ಹೋದಂತಾಗುತ್ತದೆ. ಕೆಲಸ ಮೊದಲು ಮಾಡಿ ಗುರುತು ಸರಿಸುವ ಮುನ್ನ ಪ್ರಾಣ ಹೋದರೆ ಮರುಹುಟ್ಟಿನಲ್ಲಿ ಅವೇ ವಾಹನಗಳಿಗೆ ಮತ್ತೆ ಟೋಲ್ ಬೀಳುತ್ತದೆ.

ಕಾಫ್ಕಾದ ಜೊತೆಗೆ ೨೦೧೬ರಲ್ಲಿ ಬಂದ ಕಾಫ್ಕಾ ಸ್ಟ್ರೀಮ್ಸ್ ಎಂಬ ಸಲಕರಣೆ ಈ ಕೆಲಸಗಳನ್ನೆಲ್ಲ ‘ಮುಚ್ಚು’ ಎಂಬ ಒಂದೇ ಆಜ್ಞೆಯಲ್ಲಿ ಅಡಗಿಸಿದೆ. ಆದರೆ ಗಡುವನ್ನು ಹೇಳದೆ ಆಜ್ಞೆ ಕೊಟ್ಟರೆ ಅದು ಎಲ್ಲ ಕೆಲಸಗಾರರೂ ನಿಲ್ಲುವವರೆಗೆ ಕಾಯುತ್ತದೆ. ನಿಲ್ಲದಿದ್ದರೆ ಯುಗಾಂತರದವರೆಗೂ ಕಾಯಲು ಸಿದ್ಧ. ಕಾನೂನಿನ ಬಾಗಿಲಿನ ಮುಂದೆ ಬಾಳೆಲ್ಲ ಕಾದು ಕುಳಿತವನ ಕಥೆ ಬರೆದ ಲೇಖಕನ ಹೆಸರನ್ನು ಈ ವ್ಯವಸ್ಥೆಗೆ ಇಟ್ಟಿರುವುದು ಇಂತಹ ಸಂದರ್ಭದಲ್ಲಿ ನೆನಪಾಗದೆ ಇರದು. ಗಡುವನ್ನು ಹೇಳಿ ಆಜ್ಞೆ ಕೊಟ್ಟರೆ ಅಷ್ಟು ಹೊತ್ತು ಕಾದು, ಎಲ್ಲರೂ ನಿಂತರೆ ‘ಹೌದು’ ಎಂದೂ ನಿಲ್ಲದಿದ್ದರೆ ‘ಇಲ್ಲ’ ಎಂದೂ ಉತ್ತರ ಕೊಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಒಂದು ಪದದ ಉತ್ತರವೇ ಇಡೀ ವಿಷಯದಲ್ಲಿ ಬೆಲೆಯುಳ್ಳದ್ದು. ಅನೇಕರು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ. ‘ಇಲ್ಲ’ ಎಂಬ ಉತ್ತರವನ್ನು ದಾಖಲೆಯಲ್ಲಿ ಬರೆದಿಡದಿದ್ದರೆ, ಮೂರು ದಿನಗಳ ಮೇಲೆ ಲೆಕ್ಕ ತಾಳೆಯಾಗದಾಗ ಯಾವ ನಿಲುಗಡೆಯಲ್ಲಿ ತಪ್ಪಿತೆಂದು ಹುಡುಕುವುದು ಹೇಗೆ?

ಮುಚ್ಚುವ ಕೆಲಸದಲ್ಲಿ ಇನ್ನೊಂದು ವಿಚಿತ್ರವಾದ ಬಲೆಯಿದೆ. ಕೆಲಸಗಾರರಲ್ಲಿ ಒಬ್ಬನಿಗೆ ಏನೋ ಅನಾಹುತವಾಗಿ, ಅವನೇ ‘ಎಲ್ಲರೂ ನಿಲ್ಲುವವರೆಗೆ ಕಾಯುತ್ತೇನೆ’ ಎಂದು ಮುಚ್ಚುವ ಆಜ್ಞೆ ಕೊಟ್ಟನೆನ್ನಿ. ಎಲ್ಲರಲ್ಲಿ ಅವನೂ ಒಬ್ಬ. ಅವನು ಕಾಯುತ್ತಿರುವುದರಿಂದ ಅವನು ನಿಂತಿಲ್ಲ. ಅವನು ನಿಂತಿಲ್ಲದ್ದರಿಂದ ಅವನು ಕಾಯುತ್ತಲೇ ಇರಬೇಕು. ಒಳಗಿನಿಂದ ಚಿಲಕ ಹಾಕಿಕೊಂಡು, ಮನೆಯೊಳಗೆ ಯಾರೂ ಇಲ್ಲವೆಂದು ಖಾತರಿಯಾದ ಮೇಲೆ ಹೊರಡುತ್ತೇನೆಂದು ಕುಳಿತವನ ಪಾಡು ಇದು. ಇಂತಹ ಬಲೆಯಲ್ಲಿ ಬಿದ್ದವನನ್ನು ಬಿಡಿಸುವುದಕ್ಕಾದರೂ ಒಂದು ಗಡುವು ಬೇಕೇ ಬೇಕು.

ಹಾಗಾದರೆ ಗಡುವು ಎಷ್ಟಿರಬೇಕು? ಇಲ್ಲಿ ಗಡಿಯಾರಗಳು ಎರಡು. ತಂತ್ರಾಂಶ ತನಗೆ ತಾನೇ ಹಾಕಿಕೊಂಡ ಒಳಗಡುವು ಒಂದು. ಹೊರಗಿನ ಆಡಳಿತ ಹಾಕಿದ ಹೊರಗಡುವು ಇನ್ನೊಂದು. ಒಳಗಿನದು ಹೊರಗಿನದಕ್ಕಿಂತ ಚಿಕ್ಕದಾಗಿರಬೇಕೆಂಬುದು ಮಕ್ಕಳಿಗೂ ಹೊಳೆಯುವ ಮಾತು. ಆದರೂ ತಪ್ಪುವುದು ಇಲ್ಲಿಯೇ. ಕಾಫ್ಕಾವನ್ನು ಓದುವ ಸಾಮಾನ್ಯ ಓದುಗ ತಂತ್ರಾಂಶದ ಒಳಗಡುವು, ನಾವು ಬದಲಾಯಿಸದಿದ್ದರೆ, ೩೦ ಸೆಕೆಂಡು. ಕುಬರ್ನೆಟೀಸಿನ ಹೊರಗಡುವೂ ೩೦ ಸೆಕೆಂಡೇ. ಎರಡನ್ನೂ ಇದ್ದಂತೆಯೇ ಬಿಟ್ಟವನಿಗೆ ಉಳಿಯುವ ಅವಕಾಶ ಸೊನ್ನೆ. ಅದರ ಮೇಲೆ, ಸಂಕೇತ ಕೊಡುವ ಮುನ್ನ ನಡೆಸುವ ಪೂರ್ವಸಿದ್ಧತೆಗೆಂದು ಕುಬರ್ನೆಟೀಸಿನಲ್ಲಿ ೫ ಸೆಕೆಂಡು ಬಳಸಿದರೆ, ಆ ೫ ಸೆಕೆಂಡೂ ಅದೇ ೩೦ರಲ್ಲಿ ಕಳೆಯುತ್ತದೆ. ಬ್ಯಾಂಕಿನ ಉತ್ತರಕ್ಕೆ ಹೆಚ್ಚೆಂದರೆ ೮ ಸೆಕೆಂಡು, ಮೊತ್ತಗಳನ್ನು ಬರೆಯಲು ೫, ಗುರುತು ಸರಿಸಲು ೨ ಎಂದು ಅಳೆದು ನೋಡಿದರೆ ೧೫ ಆಯಿತು. ಒಳಗಡುವನ್ನು ೨೫ಕ್ಕೂ ಹೊರಗಡುವನ್ನು ೪೦ಕ್ಕೂ ಇಡುವುದು ಸಮಂಜಸ. ಅಂಕಿಗಳು ನಾವು ಉದಾಹರಣೆಗೆ ಹಿಡಿದವು. ಅಳೆದು ನೋಡಬೇಕೆಂಬುದಷ್ಟೇ ಇಲ್ಲಿ ಮುಖ್ಯ. ಅಳೆಯದೆ ಇಟ್ಟ ಗಡುವು ಪಂಚಾಂಗ ನೋಡದೆ ಇಟ್ಟ ಲಗ್ನದಂತೆ ಎಂದು ನಮ್ಮ ಹಿರಿಯರು ನಕ್ಕಾರು.

ಅಳೆದರೂ ಪೂರ್ಣ ಭರವಸೆಯಿಲ್ಲ. ಬ್ಯಾಂಕಿನ ಉತ್ತರ ಎಂಟು ಸೆಕೆಂಡಿನಲ್ಲಿ ಬರಲಿಲ್ಲವೆನ್ನಿ. ಅದು ಸತ್ತಿದೆಯೇ, ನಿಧಾನವಾಗಿದೆಯೇ? ತಂತಿಯ ಈ ತುದಿಯಲ್ಲಿ ಕುಳಿತವನಿಗೆ ಎರಡೂ ಒಂದೇ ಬಗೆಯ ಮೌನ. ೧೯೮೫ರಲ್ಲಿ ಮೈಕೇಲ್ ಫಿಷರ್, ನ್ಯಾನ್ಸಿ ಲಿಂಚ್, ಮೈಕೇಲ್ ಪ್ಯಾಟರ್ಸನ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಒಂದು ಪ್ರಮೇಯ ಈ ಮೌನದ ಮೇಲೆಯೇ ನಿಂತಿದೆ. ಸುದ್ದಿ ತಲುಪಲು ಇಷ್ಟೇ ಹೊತ್ತೆಂಬ ಮಿತಿಯಿಲ್ಲದ ವ್ಯವಸ್ಥೆಯಲ್ಲಿ, ಭಾಗಿಗಳಲ್ಲಿ ಒಬ್ಬನೇ ಒಬ್ಬ ಸಾಯುವ ಸಂಭವವಿದ್ದರೂ ಸಾಕು, ಉಳಿದವರೆಲ್ಲ ಒಂದು ನಿರ್ಣಯಕ್ಕೆ ಖಂಡಿತವಾಗಿ ಬಂದೇ ತೀರುತ್ತಾರೆಂದು ಹೇಳಬಲ್ಲ ಸಿದ್ಧಕ್ರಮ ಯಾವುದೂ ಇರಲಾರದೆಂದು ಅವರು ತೋರಿಸಿದರು. ಆದುದರಿಂದ ಗಡುವು ಎಂಬುದು ಅಳತೆಯಾಗಿ ಕಂಡರೂ ನಿಜವಾಗಿ ಒಂದು ಊಹೆ. ಇಷ್ಟು ಹೊತ್ತಿನಲ್ಲಿ ಬಾರದವನು ಇನ್ನು ಬರುವುದಿಲ್ಲವೆಂದು ನಾವು ಊಹಿಸಿ ಎದ್ದುಬಿಡುತ್ತೇವೆ. ಎದ್ದ ಮರುಕ್ಷಣವೇ ಅವನು ಬಂದಾನು.

ಈ ಊಹೆಯ ಆಟ ತಂತ್ರಾಂಶ ಹೊರಟುಹೋದ ಮೇಲೆಯೂ ಮುಗಿಯುವುದಿಲ್ಲ. ದೊಡ್ಡ ಹರಿವುಗಳನ್ನು ಒಬ್ಬನೇ ಓದಲಾರ; ಹಲವು ತಂತ್ರಾಂಶಗಳು ಗುಂಪು ಕಟ್ಟಿಕೊಂಡು ಹಂಚಿಕೊಂಡು ಓದುತ್ತವೆ. ಒಬ್ಬ ಹೊರಟರೆ ಅವನ ಪಾಲು ಉಳಿದವರಿಗೆ ಹೋಗಬೇಕು. ಸಾಮಾನ್ಯ ಓದುಗನಾದರೆ ‘ಹೊರಟೆ’ ಎಂದು ಹೇಳಿಯೇ ಹೊರಡುತ್ತಾನೆ. ಕಾಫ್ಕಾ ಸ್ಟ್ರೀಮ್ಸ್ ಮಾತ್ರ ಮೊದಲಿನಿಂದ ಹೇಳದೆಯೇ ಹೊರಡುವ ಪದ್ಧತಿಯನ್ನಿಟ್ಟುಕೊಂಡಿತು. ಇದು ಅಸಭ್ಯತೆಯೆಂದು ತೋರಬಹುದು. ಕಾರಣ ತಿಳಿದರೆ ಹಾಗೆನ್ನಿಸದು. ಡೈರಿಯ ಸಾಲಿನಲ್ಲಿ ಕ್ಯಾನನ್ನು ಇಟ್ಟು ‘ಈಗ ಬಂದೆ’ ಎಂದು ಮನೆಗೆ ಹೋಗಿ ಬರುವವರಿಲ್ಲವೆ? ಸಾಲು ಆ ಕ್ಯಾನನ್ನು ಗೌರವಿಸುತ್ತದೆ. ಹಾಗೆಯೇ ತಿದ್ದುಪಾಟಿಗಾಗಿ ನಿಂತ ತಂತ್ರಾಂಶ ಅರ್ಧ ನಿಮಿಷದಲ್ಲಿ ಮರಳಿ ಬಂದರೆ ಅದರ ಪಾಲು ಅದಕ್ಕೇ ಉಳಿಯಲಿ, ಮೊತ್ತಗಳನ್ನೆಲ್ಲ ಬೇರೊಬ್ಬನ ಮನೆಗೆ ಸಾಗಿಸುವ ಶ್ರಮ ತಪ್ಪಲಿ ಎಂಬುದು ಆಶಯ. ಎಷ್ಟು ಹೊತ್ತು ಕ್ಯಾನನ್ನು ಗೌರವಿಸಬೇಕು? ಮೊದಲು ಇದು ೧೦ ಸೆಕೆಂಡು ಇತ್ತು, ಕಾಫ್ಕಾದ ೩.೦ ಆವೃತ್ತಿಯಿಂದ ೪೫ ಸೆಕೆಂಡು. ಮರಳಿ ಬರುವ ಮನಸ್ಸೇ ಇಲ್ಲದವನು ಹೇಳದೆ ಹೋದರೆ ಆ ೪೫ ಸೆಕೆಂಡು ಅವನ ಪಾಲಿನ ವಾಹನಗಳನ್ನು ಕೇಳುವವರಿಲ್ಲ. ಆದುದರಿಂದ ಮುಂದಿನ ಆವೃತ್ತಿಗಳಲ್ಲಿ, ಹೇಳಿ ಹೋಗುವುದೋ ಹೇಳದೆ ಹೋಗುವುದೋ ಎಂಬುದನ್ನು ಮುಚ್ಚುವ ಆಜ್ಞೆಯಲ್ಲಿಯೇ ಆರಿಸಿಕೊಳ್ಳಲು ಅವಕಾಶ ಮಾಡಿದರು.

ಇಷ್ಟು ನೋಡಿದ ಮೇಲೆ ನಾವು ಮುಖ್ಯವೆಂದು ತಿಳಿದಿರುವ ಪ್ರಶ್ನೆಗೆ ಬರಬಹುದು. ಗಡುವು ಊಹೆಯಾದರೆ, ಒಮ್ಮೊಮ್ಮೆ ಅದು ತಪ್ಪಲೇಬೇಕು. ತಪ್ಪಿದಾಗ ೯ನೆಯ ಸಂಕೇತ ಬೀಳುತ್ತದೆ. ಗಡುವೇ ಇಲ್ಲದೆ ವಿದ್ಯುತ್ತು ಹೋಗುವುದೂ ಉಂಟು. ಹಾಗಿರುವಾಗ ಟೋಲಿನ ಲೆಕ್ಕ ಸರಿಯಾಗಿರುವುದು ತಂತ್ರಾಂಶದ ಸುಖಮರಣವನ್ನು ಅವಲಂಬಿಸಿರಬಹುದೆ? ಕೂಡದೆಂದು ೨೦೦೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾರ್ಜ್ ಕಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ವಾದಿಸಿದರು. ಅವರ ಮಾತಿನ ತಾತ್ಪರ್ಯವಿಷ್ಟು: ಅಪಮೃತ್ಯು ಬಂದಾಗ ಚೇತರಿಸಿಕೊಳ್ಳುವ ಶಕ್ತಿ ತಂತ್ರಾಂಶಕ್ಕೆ ಹೇಗೂ ಬೇಕು, ಅದು ಇದ್ದ ಮೇಲೆ ಬೇರೊಂದು ಸುಖಮರಣದ ದಾರಿಯನ್ನೇಕೆ ಕಟ್ಟಬೇಕು? ನಿಲ್ಲಿಸಬೇಕಾದಾಗಲೆಲ್ಲ ಕೊಂದೇ ನಿಲ್ಲಿಸಿ, ಚೇತರಿಕೆಯಿಂದಲೇ ಆರಂಭಿಸಿ ಎಂದರು. ಕೇಳಲು ಕ್ರೂರವಾದರೂ ಇದರಲ್ಲಿ ಜಾಣತನವಿದೆ. ದಿನವೂ ನಡೆಯುವ ದಾರಿಯಲ್ಲಿ ಮುಳ್ಳಿದ್ದರೆ ಬೇಗ ತಿಳಿಯುತ್ತದೆ. ವರ್ಷಕ್ಕೊಮ್ಮೆ ನಡೆಯುವ ದಾರಿಯಲ್ಲಿ ಹಳ್ಳ ಬಿದ್ದಿದ್ದರೂ ಗೊತ್ತಾಗುವುದಿಲ್ಲ. ನೆಟ್‌ಫ್ಲಿಕ್ಸ್ ಸಂಸ್ಥೆ ತನ್ನದೇ ಯಂತ್ರಗಳನ್ನು ಕೆಲಸದ ಹೊತ್ತಿನಲ್ಲಿ ಕಂಡಕಂಡಂತೆ ನಿಲ್ಲಿಸುವ ಕೋತಿಯಂತಹ ಒಂದು ತಂತ್ರಾಂಶವನ್ನು ಬರೆದು, ೨೦೧೨ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ಈ ಬಗೆಯ ವಿವೇಕದಿಂದಲೇ. ಅದರ ಹೆಸರೂ ಕೇಯಾಸ್ ಮಂಕಿ, ದಾಂಧಲೆಯ ಕೋತಿ.

ಆದರೆ ಸುಖಮರಣ ಪೂರ್ತಿ ವ್ಯರ್ಥವೆಂದು ನಾವು ಒಪ್ಪಲಾರೆವು. ಲೆಕ್ಕದ ಸರಿತಪ್ಪು ಅದನ್ನು ಅವಲಂಬಿಸಬಾರದೆಂಬುದು ನಿಜ. ಮರಳಿ ಏಳುವ ವೇಗ ಅದನ್ನು ಬಹಳವಾಗಿ ಅವಲಂಬಿಸಿದೆ. ಕಾಫ್ಕಾ ಸ್ಟ್ರೀಮ್ಸಿನಲ್ಲಿಯೇ ಇದನ್ನು ಕಾಣಬಹುದು. ಸಾಮಾನ್ಯ ಪದ್ಧತಿಯಲ್ಲಿ ಅದು ಗುರುತನ್ನು ೩೦ ಸೆಕೆಂಡಿಗೊಮ್ಮೆ ಸರಿಸುತ್ತದೆ. ನಿಮಿಷಕ್ಕೆ ೨೦ ವಾಹನಗಳಾದರೆ, ಅಪಮೃತ್ಯುವಿನಲ್ಲಿ ೧೦ ವಾಹನಗಳವರೆಗೆ ಮತ್ತೆ ಲೆಕ್ಕಕ್ಕೆ ಬರಬಹುದು. ಪ್ರತಿಯೊಂದು ಘಟನೆಯೂ ಒಮ್ಮೆಗೆ ಒಮ್ಮೆಯೇ ಎಂಬ ಕಟ್ಟುನಿಟ್ಟಿನ ಪದ್ಧತಿಯೂ ಅದರಲ್ಲುಂಟು. ಅಲ್ಲಿ ಗುರುತು, ಮೊತ್ತ, ಫಲಿತಾಂಶಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಿ ಸೆಕೆಂಡಿನ ಹತ್ತನೆಯ ಒಂದು ಪಾಲಿಗೊಮ್ಮೆ ಮುದ್ರೆ ಒತ್ತುತ್ತಾರೆ. ಮುದ್ರೆ ಬೀಳದ ಕಟ್ಟನ್ನು ಯಾರೂ ಓದುವುದಿಲ್ಲ. ಇಲ್ಲಿ ಅಪಮೃತ್ಯುವಿನಿಂದ ಲೆಕ್ಕ ಕೆಡುವುದಿಲ್ಲ. ಆದರೆ ಅಚ್ಚುಕಟ್ಟಾಗಿ ಮುಚ್ಚದೆ ಸತ್ತ ತಂತ್ರಾಂಶ ತನ್ನ ಡಿಸ್ಕಿನಲ್ಲಿದ್ದ ಮೊತ್ತಗಳನ್ನು ನಂಬಲಾರದು; ಅವನ್ನು ಒರೆಸಿಹಾಕಿ ಕಿರ್ದಿಯ ಪ್ರತಿಯಿಂದ ಎಲ್ಲವನ್ನೂ ಮೊದಲಿನಿಂದ ಕಟ್ಟಿಕೊಳ್ಳಬೇಕಾಗುತ್ತದೆ. ಮೊತ್ತಗಳು ದೊಡ್ಡದಾದಷ್ಟೂ ಈ ಕೆಲಸಕ್ಕೆ ಹೊತ್ತು ಹೆಚ್ಚು. ಹತ್ತು ಸೆಕೆಂಡು ಹೆಚ್ಚು ಕಾದಿದ್ದರೆ ಉಳಿಯುತ್ತಿದ್ದ ಹೊತ್ತು ಅದು.

ಈ ಮುದ್ರೆಗೂ ಒಂದು ಮೇರೆಯುಂಟು. ಅದು ಕಿರ್ದಿಯ ಒಳಗಿನ ಮಾತಿಗೆ ಮಾತ್ರ ಸಲ್ಲುತ್ತದೆ. ಬ್ಯಾಂಕಿನಲ್ಲಿ ಕಳೆದುಹೋದ ಹಣವನ್ನು ಕಾಫ್ಕಾದ ಮುದ್ರೆ ಹಿಂದಕ್ಕೆ ತರಲಾರದು. ಅಲ್ಲಿ ಬೇಕಾದದ್ದು ಹಳೆಯ ಉಪಾಯವೇ: ಪ್ರತಿಯೊಂದು ಕೋರಿಕೆಗೂ ಒಂದು ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ‘ಇದು ಆಗಿದೆ’ ಎಂದು ತಿರುಗಿಸಿಬಿಡುವುದು. ಡೈರಿಯ ಚೀಟಿಗೆ ಕ್ರಮಸಂಖ್ಯೆ ಹಾಕುವುದರ ಉದ್ದೇಶವೂ ಬೇರೆಯಲ್ಲ.

ಇದೇ ತೊಡಕಿಗೆ ಇನ್ನೊಂದು ದಿಕ್ಕಿನಿಂದ ಬಂದ ಪರಿಹಾರವನ್ನೂ ಹೇಳದೆ ಬಿಡಲಾಗದು. ಹಲವು ಡೈರಿಗಳಲ್ಲಿ ಹಾಲಿದೆ, ದಾರಿಯಲ್ಲಿ ಹಲವು ವಾಹನಗಳಲ್ಲಿಯೂ ಹಾಲಿದೆ. ಯಾವುದನ್ನೂ ನಿಲ್ಲಿಸದೆ ಒಟ್ಟು ಹಾಲೆಷ್ಟೆಂದು ಲೆಕ್ಕ ಹಾಕುವುದು ಹೇಗೆ? ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿದ ಮಣಿ ಚಾಂಡಿಯವರು ಲೆಸ್ಲಿ ಲ್ಯಾಂಪೋರ್ಟರೊಡನೆ ೧೯೮೫ರಲ್ಲಿ ಇಂತಹ ಸಮಸ್ಯೆಗೆ ಉತ್ತರ ಬರೆದರು. ಒಂದೆಡೆಯಿಂದ ಒಂದು ಗುರುತು ಚೀಟಿಯನ್ನು ಹರಿವಿನಲ್ಲಿ ಬಿಡುವುದು. ಚೀಟಿ ಮೊದಲ ಬಾರಿ ಕೈಸೇರಿದೊಡನೆ ಪ್ರತಿಯೊಬ್ಬನೂ ತನ್ನಲ್ಲಿರುವುದನ್ನು ಬರೆದಿಟ್ಟುಕೊಂಡು ಚೀಟಿಯನ್ನು ಮುಂದಿನವರಿಗೆ ದಾಟಿಸುವುದು. ಇತರ ದಾರಿಗಳಿಂದ ಚೀಟಿ ಬರುವವರೆಗೆ ಅಲ್ಲಿಂದ ಬಂದುದನ್ನು ದಾರಿಯಲ್ಲಿದ್ದ ಸರಕೆಂದು ಬರೆಯುವುದು. ಎಲ್ಲರ ಬರಹಗಳನ್ನೂ ಕೂಡಿಸಿದರೆ ಒಂದಕ್ಕೊಂದು ಹೊಂದುವ ಚಿತ್ರ ದೊರೆಯುತ್ತದೆ. ಬರ್ಲಿನ್ನಿನ ವಿಶ್ವವಿದ್ಯಾನಿಲಯಗಳ ಸಂಶೋಧನೆಯಿಂದ ಬೆಳೆದ ಫ್ಲಿಂಕ್ ಎಂಬ ವ್ಯವಸ್ಥೆ ಇದನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು ಬಳಸುತ್ತಿದೆ. ಅಲ್ಲಿ ತಂತ್ರಾಂಶವನ್ನು ನಿಲ್ಲಿಸಬೇಕಾದರೆ ಮೊದಲು ಇಂತಹ ಚಿತ್ರವೊಂದನ್ನು ತೆಗೆದು ಆಮೇಲೆ ನಿಲ್ಲಿಸುತ್ತಾರೆ. ಚಿತ್ರಕ್ಕೂ ಗಡುವಿದೆ, ಬೇರೆ ಹೇಳದಿದ್ದರೆ ೧೦ ನಿಮಿಷ. ಆದರೆ ಗಡುವು ಮೀರಿದಾಗ ಅಲ್ಲಿ ಬೀಳುವುದು ನಿಲ್ಲಿಸುವ ಪ್ರಯತ್ನ, ಕೆಲಸ ಮುಂದುವರಿಯುತ್ತದೆ. ‘ಲೆಕ್ಕ ಮುಗಿಯದಿದ್ದರೆ ಬಾಗಿಲು ಹಾಕುವುದಿಲ್ಲ’ ಎಂಬ ಈ ಪಟ್ಟು ಕಾಫ್ಕಾ ಸ್ಟ್ರೀಮ್ಸಿನ ‘ಹೊತ್ತಾದರೆ ಹೊರಟೆ’ ಎಂಬ ರೀತಿಗೆ ತೀರ ಎದುರು. ಹೊರಗಿನಿಂದ ೯ನೆಯ ಸಂಕೇತ ಬಂದರೆ ಇಬ್ಬರದೂ ಒಂದೇ ಗತಿಯೆಂಬುದು ಬೇರೆ ಮಾತು.

ಇದುವರೆಗೆ ಹೇಳಿದ ಗಡುವುಗಳೆಲ್ಲ ಸೆಕೆಂಡು ನಿಮಿಷಗಳವು. ನಿಲುಗಡೆಗೆ ಸಂಬಂಧಪಟ್ಟ ಇನ್ನೊಂದು ಗಡುವು ದಿನಗಳಲ್ಲಿದೆ. ಅದನ್ನು ಮರೆಯುವವರೇ ಹೆಚ್ಚು. ಗುಂಪಿನ ಓದುಗರೆಲ್ಲರೂ ಹೊರಟುಹೋದ ಮೇಲೆ, ಪುಸ್ತಕದಲ್ಲಿಟ್ಟ ನವಿಲುಗರಿಯನ್ನು ಕಾಫ್ಕಾ, ಬೇರೆ ಹೇಳದಿದ್ದರೆ, ೭ ದಿನ ಮಾತ್ರ ಕಾಪಾಡುತ್ತದೆ. ಕಿರ್ದಿಯ ಹಾಳೆಗಳ ಆಯುಸ್ಸೂ ಸಾಮಾನ್ಯವಾಗಿ ೭ ದಿನವೇ. ಎಲ್ಲ ಕ್ರಮವನ್ನೂ ಪಾಲಿಸಿ, ಗಡುವಿನೊಳಗ್ಗೆಯೇ ಮುಚ್ಚಿ, ‘ಹೌದು’ ಎಂಬ ಉತ್ತರವನ್ನೂ ಪಡೆದು ದಸರೆಯ ರಜೆಗೆ ನಿಲ್ಲಿಸಿದ ತಂತ್ರಾಂಶವನ್ನು ಒಂಬತ್ತನೆಯ ದಿನ ಎಬ್ಬಿಸಿದರೆ ಗರಿ ಅಲ್ಲಿರುವುದಿಲ್ಲ. ಆಗ ಸಾಮಾನ್ಯ ಓದುಗನಾದರೆ ಹಿಂದಿನದೆಲ್ಲವನ್ನೂ ಬಿಟ್ಟು ಹೊಸದಾಗಿ ಬರುವ ಸಾಲುಗಳಿಂದ ಓದತೊಡಗುತ್ತದೆ. ಕಾಫ್ಕಾ ಸ್ಟ್ರೀಮ್ಸ್ ಆದರೆ ಕಿರ್ದಿಯಲ್ಲಿ ಉಳಿದಿರುವ ಮೊದಲ ಸಾಲಿನಿಂದ. ಉಳಿದಿರುವ ಸಾಲುಗಳಲ್ಲಿ ರಜೆಗೆ ಮೊದಲೇ ಟೋಲ್ ಕೊಟ್ಟುಹೋದ ವಾಹನಗಳೂ ಇದ್ದರೆ, ಅವುಗಳ ಹಣ ಮತ್ತೊಮ್ಮೆ ಕಳೆಯದಂತೆ ತಡೆಯುವುದು ಬ್ಯಾಂಕಿನವರು ನೆನಪಿಟ್ಟುಕೊಂಡ ಆ ಕೋರಿಕೆಯ ಸಂಖ್ಯೆಯೊಂದೇ.